ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ: ಸದಸ್ಯರ ಸ್ವಂತ ಗಣಕಯಂತ್ರಗಳ ಕುರಿತು

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಆ ದಿನದ ನಂತರವೂ ಲ್ಯಾಪ್‌ಟಾಪ್‌ಗಳು ಎಂದಿನಂತೆ ಚಾಲನೆಗೊಳ್ಳುತ್ತಿರುವುದರಿಂದ ಬಳಸುವವರಿಗೆ ಯಾವ ವ್ಯತ್ಯಾಸವೂ ಕಾಣಿಸುವುದಿಲ್ಲ. ವ್ಯತ್ಯಾಸವಿರುವುದು ಕಣ್ಣಿಗೆ ಬೀಳದ ಕಡೆಯಲ್ಲಿ. ವ್ಯವಸ್ಥೆಯಲ್ಲಿ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಮುಚ್ಚುತ್ತಿದ್ದ ಮಾಸಿಕ ನವೀಕರಣವು ಈಗ ತಾನಾಗಿ ಬರುವುದಿಲ್ಲ. ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ವೈಯಕ್ತಿಕ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ನವೀಕರಣ ನೀಡುವುದಾಗಿ ಸಂಸ್ಥೆಯು ಪ್ರಕಟಿಸಿದೆ. ನಿರ್ಧಾರಕ್ಕೆ ದೊರೆತ ಕಾಲಾವಕಾಶವೆಂದು ಅದನ್ನು ಭಾವಿಸಬಹುದು.

ವಿಂಡೋಸ್ 11ಕ್ಕೆ ಏರಲು ಅರ್ಹವಾದ ಯಂತ್ರಗಳಿಗೆ ಚಿಂತೆಯಿಲ್ಲ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಇಂಟೆಲ್ ಪ್ರೊಸೆಸರ್ ಆಗಿದ್ದಲ್ಲಿ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ನಂತರದ ಪೀಳಿಗೆಯದು ಬೇಕು. 2018ಕ್ಕೂ ಮೊದಲು ಖರೀದಿಸಿದ ಬಹುತೇಕ ಲ್ಯಾಪ್‌ಟಾಪ್‌ಗಳು ಈ ಕೊನೆಯ ಷರತ್ತಿನಲ್ಲಿಯೇ ನಿಂತುಬಿಡುತ್ತವೆ. ಮಕ್ಕಳ ಓದಿಗೆಂದು ಕೊಂಡು, ಈಗ ಮನೆಯವರೆಲ್ಲರೂ ಬಳಸುತ್ತಿರುವ, ಕೆಡದೆ ನಡೆಯುತ್ತಿರುವ ಯಂತ್ರಗಳೇ ಇವುಗಳಲ್ಲಿ ಹೆಚ್ಚು.

ಇದು ಯಂತ್ರದ ಮಾಲೀಕರೊಬ್ಬರ ಚಿಂತೆಯಷ್ಟೇ ಆಗಿದ್ದಲ್ಲಿ ಇಲ್ಲಿ ಚರ್ಚಿಸುವ ಅಗತ್ಯ ಬೀಳುತ್ತಿರಲಿಲ್ಲ. ಗ್ರಾಮ ಪಂಚಾಯತಿ ಸದಸ್ಯರ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅವರ ಬ್ಯಾಂಕ್ ವ್ಯವಹಾರದ ಜೊತೆಗೆ ವಾರ್ಡಿನ ಜನರ ದಾಖಲೆಗಳೂ ಸೇರಿಕೊಂಡಿರುತ್ತವೆ. ವಸತಿ ಯೋಜನೆಯ ಅರ್ಜಿಗೆಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಆಧಾರ್ ಪ್ರತಿ, ಪಿಂಚಣಿ ಕೇಳಿದ ವೃದ್ಧೆಯ ಪಾಸ್‌ಬುಕ್ಕಿನ ಮೊದಲ ಪುಟ, ಪಡಿತರ ಚೀಟಿಯ ಚಿತ್ರ, ಉದ್ಯೋಗ ಚೀಟಿಯ ಸಂಖ್ಯೆಗಳ ಪಟ್ಟಿ, ಇವೆಲ್ಲ ಡೌನ್‌ಲೋಡ್ ಕಡತಕೋಶದಲ್ಲಿ ವರ್ಷಗಟ್ಟಲೆ ಉಳಿದಿರುವುದು ಅಪರೂಪವಲ್ಲ. ಕೆಲಸ ಮುಗಿದೊಡನೆ ಅಂತಹ ಪ್ರತಿಗಳನ್ನು ಅಳಿಸಿಹಾಕುವುದೇ ಸರಿಯಾದ ಕ್ರಮ. ಇಟ್ಟುಕೊಂಡಿರುವವರೆಗಾದರೂ ಆ ಮನೆಗೆ ಬೀಗವಿರಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 2023ರಲ್ಲಿಯೇ ಅಂಗೀಕಾರಗೊಂಡಿದ್ದು, ಇತರರ ಮಾಹಿತಿಯನ್ನು ಹಗುರವಾಗಿ ಕಾಣುವ ಕಾಲ ಮುಗಿಯುತ್ತಿದೆ.

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಶಕ್ತಿಯಿರುವವರು ಕೊಳ್ಳಬಹುದು. ಪೇಟೆಯ ಅಂಗಡಿಗಳಲ್ಲಿ ಅಲ್ಪ ಹಣಕ್ಕೆ ದೊರೆಯುವ ಮತ್ತೊಂದು ದಾರಿಯೂ ಇದೆ. ಪರವಾನಗಿಯಿಲ್ಲದ ವಿಂಡೋಸ್ ಪ್ರತಿಯನ್ನು ಹಾಕಿ, ಅದನ್ನು ಅಸಲಿಯೆಂದು ನಂಬಿಸುವ ತಂತ್ರಾಂಶವೊಂದನ್ನು ಓಡಿಸುವುದು. ಅಂತಹ ತಂತ್ರಾಂಶವು ಮೊದಲು ಕೇಳುವುದೇ ಆ್ಯಂಟಿವೈರಸ್ ಅನ್ನು ಸ್ಥಗಿತಗೊಳಿಸಲು. ಕಾವಲುಗಾರನನ್ನು ಹೊರಗೆ ಕಳುಹಿಸಿ ಎಂದು ಬಾಗಿಲಲ್ಲಿ ನಿಂತು ಕೇಳುವ ಅತಿಥಿಯ ಬಗ್ಗೆ ಹೆಚ್ಚು ವಿವರಣೆ ಬೇಕಾಗಿಲ್ಲ.

ಇವೆರಡನ್ನೂ ಬಿಟ್ಟು ಉಳಿಯುವುದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯ ತಿರುಳನ್ನು ಬಳಸಿಕೊಂಡು ಹಲವಾರು ಸಂಸ್ಥೆಗಳು ಹಾಗೂ ಸಮುದಾಯಗಳು ಸಿದ್ಧ ಆವೃತ್ತಿಗಳನ್ನು ಹೊರತರುತ್ತವೆ. 2004ರಲ್ಲಿ ಬಂದ ಉಬುಂಟು, 2006ರಲ್ಲಿ ಬಂದ ಲಿನಕ್ಸ್ ಮಿಂಟ್ ಅವುಗಳಲ್ಲಿ ಹೆಸರಾದವು. ಎರಡೂ ಉಚಿತ, ಪ್ರತಿ ಮಾಡಿ ನೆರೆಯವರಿಗೆ ಕೊಟ್ಟರೂ ಕಾನೂನುಬದ್ಧ. ವಿಂಡೋಸ್‌ಗೆ ಒಗ್ಗಿದ ಕೈಗಳಿಗೆ ಮಿಂಟ್ ಹೆಚ್ಚು ಪರಿಚಿತವೆನಿಸುತ್ತದೆ. ಕೆಳಗಿನ ಪಟ್ಟಿ, ಎಡಮೂಲೆಯ ಮೆನು, ಕಡತಕೋಶಗಳು ಬಹುಮಟ್ಟಿಗೆ ಅದೇ ಜಾಗದಲ್ಲಿವೆ. ಮಿಂಟ್‌ನ 22ನೆಯ ಸರಣಿಗೆ 2029ರವರೆಗೆ ಭದ್ರತಾ ನವೀಕರಣ ದೊರೆಯುತ್ತದೆ. ಇದು ಪ್ರಯೋಗಾಲಯದ ವಸ್ತುವೇನೂ ಅಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಲಿನಕ್ಸ್ ಆವೃತ್ತಿಯ ಮೇಲೆಯೇ ಮಕ್ಕಳು ಗಣಕ ಶಿಕ್ಷಣ ಪಡೆಯುತ್ತಿದ್ದಾರೆ.

ಹಾಗಾದರೆ ವಿಂಡೋಸ್ ಅನ್ನು ತೆಗೆದುಹಾಕಿ ಲಿನಕ್ಸ್ ಒಂದನ್ನೇ ಇಟ್ಟುಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜ. ಇಟ್ಟುಕೊಳ್ಳಬಹುದು, ಆದರೆ ಪಂಚಾಯತಿ ಕೆಲಸಕ್ಕೆ ಸಂಬಂಧಿಸಿದಂತೆ ಕೆಲವು ಗಂಟುಗಳಿವೆ. ನುಡಿ ತಂತ್ರಾಂಶ ವಿಂಡೋಸ್‌ಗಾಗಿ ರಚಿತವಾದುದು. ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ಚಾಲಕ ತಂತ್ರಾಂಶವನ್ನು ಹಾಗೂ ಸಹಿಯನ್ನು ಪೋರ್ಟಲ್‌ಗೆ ತಲುಪಿಸುವ ಸಹಾಯಕ ತಂತ್ರಾಂಶವನ್ನು ಸಾಮಾನ್ಯವಾಗಿ ವಿಂಡೋಸ್‌ಗೆ ಹೊಂದಿಸಿಯೇ ನೀಡಲಾಗುತ್ತದೆ. ಮನೆಯ ಹಳೆಯ ಸ್ಕ್ಯಾನರ್ ಲಿನಕ್ಸ್‌ನಲ್ಲಿ ನಡೆಯದೆಯೂ ಇರಬಹುದು. ಆದ್ದರಿಂದ ಎರಡನ್ನೂ ಒಂದೇ ಯಂತ್ರದಲ್ಲಿರಿಸಿ, ಅಂತರ್ಜಾಲ, ಬ್ಯಾಂಕ್, ಪತ್ರವ್ಯವಹಾರಗಳನ್ನು ಲಿನಕ್ಸ್‌ನಲ್ಲಿ ನಡೆಸಿ, ವಿಂಡೋಸ್ ಇಲ್ಲದೆ ಆಗದ ಕೆಲಸಕ್ಕೆ ಮಾತ್ರ ಅತ್ತ ಹೋಗುವುದು ಅನುಕೂಲಕರ. ಸಹಿಯ ಟೋಕನ್ ಹೊಂದಿರುವ ಅಧ್ಯಕ್ಷರು ಅದನ್ನು ಕಚೇರಿಯ ಗಣಕಯಂತ್ರದಲ್ಲಿ ಬಳಸುವುದೇ ಲೇಸು. ಪಂಚಾಯತಿಯ ನಿಧಿಯನ್ನು ಬಿಡುಗಡೆ ಮಾಡುವ ಸಾಧನವು ಮನೆಯವರೆಲ್ಲ ಬಳಸುವ ಯಂತ್ರಕ್ಕೆ ತಗುಲಿಕೊಳ್ಳಬಾರದು.

ಇಲ್ಲಿ ಒಂದು ಎಲ್ಲೆಯನ್ನು ಸ್ಪಷ್ಟಪಡಿಸಬೇಕಿದೆ. ಈ ವಿವರಣೆಯು ಸದಸ್ಯರ ಸ್ವಂತ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಪಂಚಾಯತಿಯ ದಾಸ್ತಾನು ವಹಿಯಲ್ಲಿ ದಾಖಲಾದ ಯಾವುದೇ ಗಣಕಯಂತ್ರದ ಮೇಲೆ ಈ ಪ್ರಯೋಗವನ್ನು ನಡೆಸತಕ್ಕದ್ದಲ್ಲ.

ಒಂದು ನಿವೇಶನ, ಎರಡು ಮನೆ

ಎರಡು ವ್ಯವಸ್ಥೆಗಳು ಒಂದೇ ಡಿಸ್ಕ್‌ನಲ್ಲಿ ಹೇಗಿರುತ್ತವೆ ಎಂಬುದನ್ನು ಸ್ವತ್ತಿನ ವಿಭಾಗವನ್ನು ಕಂಡಿರುವ ಸದಸ್ಯರಿಗೆ ಸುಲಭವಾಗಿ ತಿಳಿಸಬಹುದು. ಡಿಸ್ಕ್ ಒಂದು ನಿವೇಶನ. ಈಗ ಅದರ ತುಂಬ ವಿಂಡೋಸ್ ಮನೆ ಕಟ್ಟಿಕೊಂಡಿದೆ, ಹಿತ್ತಲು ಮಾತ್ರ ಖಾಲಿ ಇದೆ. ಆ ಹಿತ್ತಲನ್ನು ಅಳೆದು, ಬೇರ್ಪಡಿಸಿ, ಬೇರೆ ಪಾಲಾಗಿ ನಮೂದಿಸಿ, ಅಲ್ಲಿ ಎರಡನೆಯ ಮನೆ ಕಟ್ಟಬೇಕು. ಪ್ರತಿಯೊಂದು ಪಾಲಿನ ಆರಂಭ ಎಲ್ಲಿ, ಅಂತ್ಯ ಎಲ್ಲಿ ಎಂಬುದನ್ನು ಡಿಸ್ಕ್‌ನ ಆದಿಯಲ್ಲಿರುವ ಪುಟ್ಟ ಕೋಷ್ಟಕವೊಂದು ಹೇಳುತ್ತದೆ. ಅದೇ ಈ ನಿವೇಶನದ ಸ್ವತ್ತಿನ ವಹಿ. ಯಂತ್ರವನ್ನು ಚಾಲೂ ಮಾಡಿದಾಗ ಮೊದಲು ಎಚ್ಚರಗೊಳ್ಳುವುದು ಎರಡು ಮನೆಗಳ ಪೈಕಿ ಯಾವುದೂ ಅಲ್ಲ, ಮುಂಬಾಗಿಲಲ್ಲಿರುವ ಚಾಲನಾ ತಂತ್ರಾಂಶ. ಲಿನಕ್ಸ್ ಅಳವಡಿಸಿದ ಮೇಲೆ ಆ ಸ್ಥಾನದಲ್ಲಿ ಗ್ರಬ್ ಎಂಬ ತಂತ್ರಾಂಶ ಕೂರುತ್ತದೆ. ಯಾವ ಮನೆಗೆ ಹೋಗಬೇಕೆಂದು ಕೇಳಿ, ಕೆಲವು ಸೆಕೆಂಡು ಕಾದು, ಉತ್ತರ ಬಾರದಿದ್ದಲ್ಲಿ ಮೊದಲೇ ಗೊತ್ತುಪಡಿಸಿದ ಕಡೆಗೆ ಕಳುಹಿಸುತ್ತದೆ. ಒಂದು ಸಲಕ್ಕೆ ಒಂದು ಮನೆ ಮಾತ್ರ. ಎರಡೂ ವ್ಯವಸ್ಥೆಗಳು ಏಕಕಾಲಕ್ಕೆ ನಡೆಯುವುದಿಲ್ಲವಾದ್ದರಿಂದ ಯಂತ್ರದ ಮೇಲೆ ಹೆಚ್ಚಿನ ಹೊರೆಯೂ ಬೀಳುವುದಿಲ್ಲ.

ಈ ಹೋಲಿಕೆಯಿಂದ ಅಪಾಯವೂ ಅರ್ಥವಾಗುತ್ತದೆ. ವಹಿಯಲ್ಲಿ ಒಂದು ಪಾಲಿನ ನಮೂದನ್ನು ಹೊಡೆದುಹಾಕಿದರೆ ಮನೆಯಲ್ಲಿನ ಸಾಮಾನು ಆ ಕ್ಷಣಕ್ಕೆ ಅಲ್ಲೇ ಇರುತ್ತದೆ, ಆದರೆ ಅದು ಯಾರದೆಂದು ಹೇಳುವ ದಾಖಲೆ ಉಳಿಯುವುದಿಲ್ಲ. ಅದರ ಮೇಲೆ ಹೊಸ ಮನೆ ಕಟ್ಟಿದರೆ ಸಾಮಾನೂ ಹೋಯಿತು. ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ತಪ್ಪಾದ ತಕ್ಷಣ ಯಂತ್ರವನ್ನು ನಿಲ್ಲಿಸಿ, ಬೇರೇನನ್ನೂ ಬರೆಯದೆ ತಜ್ಞರಿಗೆ ಒಪ್ಪಿಸಿದಲ್ಲಿ ಬಹಳಷ್ಟನ್ನು ಮರಳಿ ಪಡೆಯುವ ಅವಕಾಶವಿರುತ್ತದೆ. ಎಸ್‌ಎಸ್‌ಡಿಯಲ್ಲಿ ಖಾಲಿಯೆಂದು ಘೋಷಿತವಾದ ಜಾಗವನ್ನು ಸಾಧನವೇ ಒಳಗೊಳಗೆ ತೊಳೆದುಬಿಡುವುದರಿಂದ ಆ ಅವಕಾಶ ಅತಿ ಕಡಿಮೆ.

ಅಳೆಯುವ ಮುನ್ನ

ಆದ್ದರಿಂದ ಕೆಲಸದ ಮುಕ್ಕಾಲು ಪಾಲು ಸಿದ್ಧತೆಯಲ್ಲಿಯೇ ಇದೆ. ಎಲ್ಲಕ್ಕಿಂತ ಮೊದಲು ದಾಖಲೆ, ಭಾವಚಿತ್ರ ಹಾಗೂ ಲೆಕ್ಕಪತ್ರಗಳ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕ್ ಒಂದಕ್ಕೆ ತೆಗೆದುಕೊಳ್ಳಬೇಕು. ಅದೇ ಲ್ಯಾಪ್‌ಟಾಪಿನ ಡಿ ಡ್ರೈವ್‌ಗೆ ಪ್ರತಿ ಮಾಡಿ ಸುರಕ್ಷಿತವೆಂದು ತಿಳಿಯುವವರು ಬಹಳ ಮಂದಿ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಎರಡು ಪಾಲುಗಳಾಗಿದ್ದು, ವಹಿ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಪ್ರತಿ ತೆಗೆದ ಮೇಲೆ ಆ ಹೊರಗಿನ ಡಿಸ್ಕ್ ಅನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ನಾಲ್ಕಾರು ಕಡತಗಳನ್ನು ತೆರೆದು ನೋಡುವುದು. ನಂತರ ಅದನ್ನು ಲ್ಯಾಪ್‌ಟಾಪಿನಿಂದ ಬೇರ್ಪಡಿಸಿ ಬೀರುವಿನಲ್ಲಿಡುವುದು. ಸ್ಥಾಪನೆಯ ಸಮಯದಲ್ಲಿ ಅದು ಜೋಡಣೆಯಾಗಿಯೇ ಇದ್ದಲ್ಲಿ, ಪರದೆಯ ಮೇಲಿನ ಡಿಸ್ಕ್‌ಗಳ ಪಟ್ಟಿಯಲ್ಲಿ ಅದೂ ಒಂದಾಗಿ ಕಾಣಿಸಿಕೊಂಡು, ಕೈತಪ್ಪಿ ಅದನ್ನೇ ಅಳಿಸಿದ ಪ್ರಸಂಗ ಎದುರಾಗಬಹುದು.

ಎರಡನೆಯದು ಬಿಟ್‌ಲಾಕರ್. ಈಚಿನ ವರ್ಷಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನಲ್ಲಿರುವ ಎಲ್ಲವನ್ನೂ ಗೂಢಲಿಪಿಗೆ ಪರಿವರ್ತಿಸಿಡುವ ಸೌಲಭ್ಯ ಮಾಲೀಕರಿಗೆ ತಿಳಿಯದೆಯೇ ಚಾಲನೆಯಲ್ಲಿರುತ್ತದೆ. ಯಂತ್ರದ ಚಾಲನಾ ಕ್ರಮದಲ್ಲಿ ಬದಲಾವಣೆ ಕಂಡುಬಂದೊಡನೆ ಅದು ಸಂಶಯಗೊಂಡು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಆ ಕೀಲಿಯು ಸಾಮಾನ್ಯವಾಗಿ ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ತೊಡಕು ಶುರುವಾಗುವುದು ಇಲ್ಲಿಯೇ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೇ ಯಾವುದೋ ಇಮೇಲ್ ಕೊಟ್ಟು ಖಾತೆ ತೆರೆದಿರುತ್ತಾನೆ. ಇಲ್ಲವೇ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಖಾತೆಯಿಂದ ಆರಂಭಿಸಲಾಗಿರುತ್ತದೆ. ಕೀಲಿ ಸಿಗದಿದ್ದರೆ ಮೈಕ್ರೋಸಾಫ್ಟ್ ಸಂಸ್ಥೆಗೂ ಆ ಡಿಸ್ಕ್ ಅನ್ನು ತೆರೆಯಲಾಗದು. ಆದ್ದರಿಂದ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಈ ಗೂಢಲೀಕರಣ ಚಾಲನೆಯಲ್ಲಿದೆಯೇ ಎಂದು ನೋಡಿ, ಇದ್ದಲ್ಲಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಸ್ಥಾಪನೆ ಮುಗಿಯುವವರೆಗೆ ಅದನ್ನು ನಿಲ್ಲಿಸಬೇಕು. ಪೂರ್ಣವಾಗಿ ನಿಲ್ಲಲು ಕೆಲವು ಗಂಟೆಗಳೇ ಹಿಡಿಯಬಹುದು. ಎರಡನೆಯ ವ್ಯವಸ್ಥೆಯ ಆಲೋಚನೆ ಇಲ್ಲದ ಸದಸ್ಯರಿಗೂ ಈ ಒಂದು ಪರಿಶೀಲನೆ ಅತ್ಯವಶ್ಯ. ಮದರ್‌ಬೋರ್ಡ್ ದುರಸ್ತಿಯಾದ ದಿನವೂ ಅದೇ ನೀಲಿ ಪರದೆ ಅದೇ ಕೀಲಿಯನ್ನು ಕೇಳುತ್ತದೆ.

ಮೂರನೆಯದು ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ. ಇದು ಚಾಲನೆಯಲ್ಲಿದ್ದಾಗ ಷಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ಅರೆನಿದ್ರೆಯಲ್ಲಿ ತನ್ನ ಕಡತಗಳನ್ನು ಹಿಡಿದುಕೊಂಡೇ ಇರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಕಡೆಯಿಂದ ಅದೇ ಕಡತಗಳನ್ನು ತಿದ್ದಿದರೆ ದಾಖಲೆಗಳು ಕೆಡುವ ಸಂಭವವಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ತೆಗೆದುಬಿಡಬೇಕು. ಯಂತ್ರ ಚಾಲೂ ಆಗಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಜಾಗವನ್ನು ಬಿಡಿಸುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಾಧನದಿಂದಲೇ ಮಾಡಿಸುವುದು ಸುರಕ್ಷಿತ. ತನ್ನ ಮನೆಯ ಗೋಡೆ ಎಲ್ಲಿದೆಯೆಂಬುದು ಅದಕ್ಕೇ ಚೆನ್ನಾಗಿ ಗೊತ್ತು. ಸಿ ಪಾಲಿನ ಮೇಲೆ ಬಲಗುಂಡಿ ಒತ್ತಿ ಷ್ರಿಂಕ್ ಎಂಬುದನ್ನು ಆರಿಸಿದರೆ ಎಷ್ಟು ಜಾಗ ಬಿಡಬಹುದೆಂದು ತಾನೇ ತಿಳಿಸುತ್ತದೆ. ಮಿಂಟ್‌ಗೆ 20 ಜಿಬಿ ಸಾಕೆಂದು ಹೇಳಲಾಗಿದ್ದರೂ, ನವೀಕರಣಗಳೂ ಕಡತಗಳೂ ಸೇರಿಕೊಳ್ಳುವುದರಿಂದ 50ರಿಂದ 60 ಜಿಬಿ ಬಿಡುವುದು ಒಳ್ಳೆಯದು. ಬಿಡಿಸಿದ ಜಾಗವನ್ನು ಖಾಲಿಯಾಗಿಯೇ ಇರಗೊಡಬೇಕು. ಅದಕ್ಕೆ ಹೊಸ ಡ್ರೈವ್ ಅಕ್ಷರ ಕೊಡಬೇಕಾಗಿಲ್ಲ. ಡಿಸ್ಕ್‌ನಲ್ಲಿ ಬೇಕಾದಷ್ಟು ಖಾಲಿ ಇದ್ದರೂ ಸಾಧನವು ಸ್ವಲ್ಪವೇ ಬಿಡಲು ಒಪ್ಪುವುದುಂಟು. ಕದಲಿಸಲಾಗದ ಕೆಲವು ವ್ಯವಸ್ಥಾ ಕಡತಗಳು ನಡುವೆ ಕುಳಿತಿರುವುದೇ ಕಾರಣ. ಅಂತಹ ಸಂದರ್ಭದಲ್ಲಿ ಬಲವಂತ ಸಲ್ಲದು.

ಈ ಹಂತದಲ್ಲಿ ವಿದ್ಯುತ್ ಕೈಕೊಡುವುದು ಅತ್ಯಂತ ಅಪಾಯಕಾರಿ. ಪಾಲಿನ ಗಡಿಯನ್ನು ಸರಿಸುವ ನಡುವೆ ಯಂತ್ರ ಆರಿಹೋದರೆ ಎರಡೂ ಕಡೆಯ ದಾಖಲೆ ಅರ್ಧಕ್ಕೆ ನಿಲ್ಲುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಹತ್ತು ನಿಮಿಷವೂ ತಾಳದ ಸ್ಥಿತಿಯಲ್ಲಿರುವುದರಿಂದ, ಯುಪಿಎಸ್ ಇರುವ ಕಡೆಯಲ್ಲಿ, ವಿದ್ಯುತ್ ಕಡಿತವಿಲ್ಲದ ಹೊತ್ತು ನೋಡಿ ಕೈಹಾಕುವುದು ವಿವೇಕ. ಮಳೆಗಾಲದ ಸಂಜೆ ಇದಕ್ಕೆ ತಕ್ಕ ಸಮಯವಲ್ಲ.

ಪೆನ್‌ಡ್ರೈವ್‌ನಿಂದ ಮೊದಲ ಪರೀಕ್ಷೆ

ಲಿನಕ್ಸ್‌ನ ಒಂದು ದೊಡ್ಡ ಸೌಕರ್ಯವೆಂದರೆ ಡಿಸ್ಕ್ ಅನ್ನು ಮುಟ್ಟದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಲು ಸಾಧ್ಯವಿರುವುದು. ಮಿಂಟ್‌ನ ಅಧಿಕೃತ ಜಾಲತಾಣದಿಂದ ಸುಮಾರು 3 ಜಿಬಿ ಗಾತ್ರದ ಕಡತವನ್ನು ಇಳಿಸಿಕೊಳ್ಳಬೇಕು. ಮೊಬೈಲ್‌ನ ದಿನದ ಮಿತಿಯಲ್ಲಿ ಇದು ಕಷ್ಟಸಾಧ್ಯವಾದ್ದರಿಂದ, ಅಂತರ್ಜಾಲ ಸಂಪರ್ಕ ಉತ್ತಮವಾಗಿರುವ ಅರಿವು ಕೇಂದ್ರದಲ್ಲಿ ಒಮ್ಮೆ ಇಳಿಸಿಟ್ಟುಕೊಂಡರೆ ಹಲವರಿಗೆ ಉಪಯೋಗವಾಗುತ್ತದೆ. ಇಳಿಸಿದ ಕಡತದ ಪರಿಶೀಲನಾ ಸಂಖ್ಯೆಯನ್ನು ಜಾಲತಾಣದಲ್ಲಿ ಪ್ರಕಟಿಸಿರುವ ಸಂಖ್ಯೆಯೊಂದಿಗೆ ತಾಳೆ ನೋಡುವುದು ಬೇಸರದ ಕೆಲಸವೆನಿಸಿದರೂ ಬಿಡಬಾರದು. ಸಂಪರ್ಕ ನಡುನಡುವೆ ಕಡಿದು ಇಳಿದ ಕಡತದಲ್ಲಿ ಒಂದು ತುಣುಕು ತಪ್ಪಿದ್ದರೂ ಸ್ಥಾಪನೆ ಅರ್ಧದಲ್ಲಿ ಮುರಿದು ಬೀಳುತ್ತದೆ. ನಂತರ ರೂಫಸ್ ಅಥವಾ ಬಲೇನಾ ಎಚರ್ ಎಂಬ ಉಚಿತ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಅದನ್ನು ಬರೆಯಬೇಕು. ಸಾಮಾನ್ಯ ಕಡತದಂತೆ ಎಳೆದು ಹಾಕಿದರೆ ಪೆನ್‌ಡ್ರೈವ್ ಯಂತ್ರವನ್ನು ಚಾಲೂ ಮಾಡುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆಂಬುದು ನೆನಪಿರಲಿ.

ಯಂತ್ರವನ್ನು ಚಾಲೂ ಮಾಡಿದೊಡನೆ ಡೆಲ್ ಮತ್ತು ಲೆನೊವೊಗಳಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9 ಕೀಲಿಯನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ಎಲ್ಲಿಂದ ಆರಂಭಿಸಬೇಕೆಂಬ ಪಟ್ಟಿ ಬರುತ್ತದೆ. ಪೆನ್‌ಡ್ರೈವ್ ಆರಿಸಿದರೆ ಕೆಲವು ನಿಮಿಷಗಳಲ್ಲಿ ಮಿಂಟ್ ಪರದೆ ತೆರೆದುಕೊಳ್ಳುತ್ತದೆ. ಇಲ್ಲಿ ಆತುರಪಡದೆ ಅರ್ಧ ದಿನವಾದರೂ ಕಳೆಯಬೇಕು. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಟಚ್‌ಪ್ಯಾಡ್ ಸರಿಯಿದೆಯೇ, ಮನೆಯ ಪ್ರಿಂಟರ್ ಮುದ್ರಿಸುತ್ತದೆಯೇ, ಪದೇಪದೇ ಬಳಸುವ ಸರ್ಕಾರಿ ಪೋರ್ಟಲ್‌ಗಳು ಬ್ರೌಸರ್‌ನಲ್ಲಿ ತೆರೆಯುತ್ತವೆಯೇ ಎಂದು ನೋಡಬೇಕು. ಯಾವುದಾದರೂ ಮುಖ್ಯವಾದುದು ನಡೆಯದಿದ್ದಲ್ಲಿ ಯಂತ್ರ ಆರಿಸಿ ಪೆನ್‌ಡ್ರೈವ್ ತೆಗೆದರಾಯಿತು. ವಿಂಡೋಸ್‌ಗೆ ಇದಾವುದರ ಸುಳಿವೂ ಇರುವುದಿಲ್ಲ. ಪೆನ್‌ಡ್ರೈವ್‌ನಿಂದ ನಡೆಯುವಾಗ ನಿಧಾನವಾಗಿ ಕಾಣುವುದು ಸಹಜವಾದ್ದರಿಂದ ವೇಗದ ಕುರಿತು ಈ ಹಂತದಲ್ಲಿ ತೀರ್ಮಾನಕ್ಕೆ ಬರಬಾರದು.

ವೇಗದ ಮಾತು ಬಂದುದರಿಂದ ಒಂದು ಅಡ್ಡಮಾತು. ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಯಾವ ವ್ಯವಸ್ಥೆ ಹಾಕಿದರೂ ಎಸ್‌ಎಸ್‌ಡಿ ತರುವಷ್ಟು ಚುರುಕನ್ನು ತರುವುದಿಲ್ಲ. ಖರ್ಚು ಮಾಡುವುದೇ ಆದಲ್ಲಿ ಅಲ್ಲಿ ಮಾಡುವುದು ಸಾರ್ಥಕ. ಲ್ಯಾಪ್‌ಟಾಪ್‌ನಲ್ಲಿ ಎರಡು ಡಿಸ್ಕ್‌ಗಳಿಗೆ ಜಾಗವಿದ್ದರಂತೂ ಒಂದೊಂದಕ್ಕೆ ಒಂದೊಂದು ವ್ಯವಸ್ಥೆ ಹಾಕಬಹುದು. ಬೇರೆ ಬೇರೆ ನಿವೇಶನಗಳಾದ ಮೇಲೆ ಗಡಿಯ ತಕರಾರೇ ಇರುವುದಿಲ್ಲ.

ಸ್ಥಾಪನೆಯ ಒಂದು ಪರದೆ

ಸ್ಥಾಪನೆಯ ಉಳಿದ ಪ್ರಶ್ನೆಗಳು ಸರಳ. ಭಾಷೆ, ಕೀಲಿಮಣೆ, ಹೆಸರು, ಗುಪ್ತಪದ, ಕಾಲವಲಯ ಇವುಗಳಲ್ಲಿ ತಪ್ಪಿದರೂ ಆಮೇಲೆ ತಿದ್ದಬಹುದು. ತಿದ್ದಲಾಗದ್ದು ಒಂದೇ ಪರದೆ. ಅದರಲ್ಲಿ ವಿಂಡೋಸ್ ಜೊತೆಯಲ್ಲಿ ಸ್ಥಾಪಿಸು ಎಂಬ ಅರ್ಥದ ಅಲಾಂಗ್‌ಸೈಡ್ ಎಂಬ ಆಯ್ಕೆ ಇರುತ್ತದೆ. ಅದರ ಬಳಿಯಲ್ಲಿಯೇ ಡಿಸ್ಕ್ ಅನ್ನು ಪೂರ್ತಿ ಅಳಿಸಿ ಸ್ಥಾಪಿಸು ಎಂಬ ಅರ್ಥದ ಇರೇಸ್ ಡಿಸ್ಕ್ ಎಂಬುದೂ ಇರುತ್ತದೆ. ಎರಡನೆಯದನ್ನು ಒತ್ತಿದರೆ ವಿಂಡೋಸ್, ಸಿ, ಡಿ, ಕಂಪನಿಯು ಕೊಟ್ಟಿದ್ದ ಮರುಸ್ಥಾಪನೆಯ ಪಾಲು ಎಲ್ಲವೂ ಹೋಗುತ್ತವೆ. ಮೊದಲನೆಯದನ್ನು ಆರಿಸಿದ ಮೇಲೆ, ಯಾವ ಡಿಸ್ಕ್‌ನ ಯಾವ ಪಾಲಿನಲ್ಲಿ ಏನು ಬದಲಾಗಲಿದೆ ಎಂಬ ವಿವರವನ್ನು ತೋರಿಸಿ ಒಪ್ಪಿಗೆ ಕೇಳಲಾಗುತ್ತದೆ. ಮಹಜರಿಗೆ ಸಹಿ ಹಾಕುವ ಮುನ್ನ ಓದುವಷ್ಟೇ ನಿಧಾನವಾಗಿ ಅದನ್ನು ಓದಬೇಕು.

ಅಲಾಂಗ್‌ಸೈಡ್ ಆಯ್ಕೆಯೇ ಕಾಣದಿದ್ದಲ್ಲಿ ಅಲ್ಲಿಗೆ ನಿಲ್ಲಿಸಬೇಕು. ವಿಂಡೋಸ್ ಇರುವುದು ಸ್ಥಾಪಕಕ್ಕೆ ಗೋಚರಿಸುತ್ತಿಲ್ಲವೆಂದು ಅದರ ಅರ್ಥ. ಬಿಟ್‌ಲಾಕರ್ ಇನ್ನೂ ಚಾಲನೆಯಲ್ಲಿರಬಹುದು. ವಿಂಡೋಸ್ ಯುಇಎಫ್‌ಐ ವಿಧಾನದಲ್ಲಿದ್ದು ಪೆನ್‌ಡ್ರೈವ್ ಹಳೆಯ ಲೆಗಸಿ ವಿಧಾನದಲ್ಲಿ ಆರಂಭವಾಗಿರಬಹುದು. ಅಥವಾ ಡಿಸ್ಕ್‌ನ ನಿಯಂತ್ರಕವು ಇಂಟೆಲ್ ಆರ್‌ಎಸ್‌ಟಿ ಎಂಬ ಕ್ರಮದಲ್ಲಿರಬಹುದು. ಕೊನೆಯದನ್ನು ಬಯಾಸ್‌ನಲ್ಲಿ ನೇರವಾಗಿ ಬದಲಿಸಿದರೆ ವಿಂಡೋಸ್ ಮೇಲೇಳದಂತಾಗುವುದುಂಟು. ಇಲ್ಲಿ ಅನುಭವಸ್ಥರ ನೆರವು ಪಡೆಯುವುದರಲ್ಲಿ ಸಂಕೋಚ ಬೇಡ.

ವಿಂಡೋಸ್ ಮೊದಲು, ಲಿನಕ್ಸ್ ನಂತರ ಎಂಬ ಕ್ರಮಕ್ಕೂ ಕಾರಣವಿದೆ. ಗ್ರಬ್ ತನ್ನ ಪಟ್ಟಿಯಲ್ಲಿ ವಿಂಡೋಸ್‌ಗೂ ಜಾಗ ಕೊಡುತ್ತದೆ. ವಿಂಡೋಸ್ ಅನ್ನು ನಂತರ ಸ್ಥಾಪಿಸಿದರೆ ಅದು ಮುಂಬಾಗಿಲನ್ನು ತನ್ನದೆಂದು ಹಿಡಿದುಕೊಂಡು ಲಿನಕ್ಸ್ ಹೆಸರನ್ನೇ ಎತ್ತುವುದಿಲ್ಲ.

ಕನ್ನಡದ ಬರವಣಿಗೆ

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದೇ. ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಹಾಗೂ ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ವಿನ್ಯಾಸ ಎರಡೂ ಲಭ್ಯವಿದ್ದು, ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಸಾಕು. ನುಡಿಗೆ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ. ಅಕ್ಷರಗಳು ಯೂನಿಕೋಡ್‌ನಲ್ಲಿ ಮೂಡುವುದರಿಂದ ಅದೇ ಪತ್ರವನ್ನು ಮೊಬೈಲ್‌ನಲ್ಲಿಯೂ ಓದಬಹುದು, ಇಮೇಲ್‌ನಲ್ಲಿಯೂ ಕಳುಹಿಸಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳೂ ಇವೆ. ಬರೆಯಲು ಲಿಬ್ರೆ ಆಫೀಸ್ ಮೊದಲೇ ಇರುತ್ತದೆ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ಅದು ತೆರೆಯುತ್ತದೆ, ಕೋಷ್ಟಕದ ಅಂಚುಗಳು ಅಲ್ಲಲ್ಲಿ ಸ್ವಲ್ಪ ಜರುಗಿರಬಹುದು.

ನಿಜವಾದ ತೊಡಕು ಹಳೆಯ ಕಡತಗಳದ್ದು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಿಸಿದ ನಡವಳಿ, ಅರ್ಜಿಗಳನ್ನು ಲಿನಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಗೋಜಲು ಕಾಣಿಸುತ್ತದೆ. ಕಡತ ಕೆಟ್ಟಿರುವುದಿಲ್ಲ, ಆ ಅಕ್ಷರಶೈಲಿ ಇಲ್ಲದೆ ಅದಕ್ಕೆ ಕನ್ನಡದ ರೂಪವಿಲ್ಲ. ವಿಂಡೋಸ್ ಇರುವಾಗಲೇ ನುಡಿಯೊಂದಿಗೆ ಬರುವ ಪರಿವರ್ತಕದಿಂದ ಅವುಗಳನ್ನು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಹಾಗೂ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಿಕೊಳ್ಳಬೇಕು. ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಳ್ಳುವುದರ ದೊಡ್ಡ ಲಾಭಗಳಲ್ಲಿ ಇದೂ ಒಂದು.

ಆಮೇಲೆ ಎದುರಾಗುವವು

ಕೆಲವರಿಗೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದಕ್ಕೆ ಹೋದಂತೆ ಕಾಣುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಕಾಲವೆಂದು ಭಾವಿಸುತ್ತದೆ, ವಿಂಡೋಸ್ ಸ್ಥಳೀಯ ಕಾಲವೆಂದು ಓದುತ್ತದೆ. ಭಾರತೀಯ ಕಾಲಮಾನವು ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ಅಷ್ಟೇ ಅಂತರ ಬೀಳುತ್ತದೆ. ಸಮಯ ತಪ್ಪಿದ ಯಂತ್ರದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯಲು ನಿರಾಕರಿಸಬಹುದು. ಯಂತ್ರದ ಗಡಿಯಾರ ಸ್ಥಳೀಯ ಕಾಲದ್ದೆಂದು ಲಿನಕ್ಸ್‌ಗೆ ಒಂದೇ ಸಾಲಿನ ಆದೇಶದಿಂದ ತಿಳಿಸಿದರೆ ಇದು ಶಾಶ್ವತವಾಗಿ ಪರಿಹಾರವಾಗುತ್ತದೆ.

ವಿಂಡೋಸ್‌ನ ದೊಡ್ಡ ನವೀಕರಣದ ನಂತರ ಗ್ರಬ್ ಪಟ್ಟಿ ಕಾಣದೆ ನೇರವಾಗಿ ವಿಂಡೋಸ್ ತೆರೆಯುವುದುಂಟು. ಬಯಾಸ್‌ನ ಚಾಲನಾ ಕ್ರಮದಲ್ಲಿ ಉಬುಂಟು ಎಂದು ಕಾಣುವ ನಮೂದನ್ನು ಮೇಲಕ್ಕೆ ತಂದರೆ ಸಾಕಾಗುತ್ತದೆ. ಮಿಂಟ್ ಹಾಕಿದ್ದರೂ ಸಾಮಾನ್ಯವಾಗಿ ಅದೇ ಹೆಸರಿರುತ್ತದೆ, ಏಕೆಂದರೆ ಅದು ಉಬುಂಟುವಿನ ಮೇಲೆಯೇ ಕಟ್ಟಲ್ಪಟ್ಟಿದೆ. 2024ರ ಆಗಸ್ಟ್‌ನ ವಿಂಡೋಸ್ ಭದ್ರತಾ ನವೀಕರಣವು ಇದಕ್ಕಿಂತ ಹೆಚ್ಚಿನ ತೊಂದರೆ ಕೊಟ್ಟು, ಸೆಕ್ಯೂರ್ ಬೂಟ್ ಇದ್ದ ಹಲವು ಯಂತ್ರಗಳಲ್ಲಿ ಲಿನಕ್ಸ್ ಆರಂಭವಾಗುವುದನ್ನೇ ತಡೆದಿತ್ತು. ದಾಖಲೆಗಳಿಗೆ ಹಾನಿಯಾಗಿರಲಿಲ್ಲ. ಸ್ಥಾಪನೆಗೆ ಬಳಸಿದ ಪೆನ್‌ಡ್ರೈವ್ ಅನ್ನು ಬೇರೆ ಕೆಲಸಕ್ಕೆ ಹಚ್ಚದೆ ಹಾಗೆಯೇ ಇಟ್ಟುಕೊಂಡಿರಬೇಕೆನ್ನುವುದು ಇಂತಹ ದಿನಗಳಿಗಾಗಿಯೇ.

ಮನೆಯ ಇತರರಿಗೆ ಹೊಸ ಪಟ್ಟಿ ಗೊಂದಲವೆನಿಸಿದರೆ ಏನೂ ಒತ್ತದಿದ್ದಾಗ ವಿಂಡೋಸ್ ತಾನಾಗಿ ತೆರೆಯುವಂತೆ ಗ್ರಬ್‌ನಲ್ಲಿ ಗೊತ್ತುಪಡಿಸಬಹುದು. ಹಾಗೆ ಮಾಡಿದ ಮನೆಗಳಲ್ಲಿ ಲಿನಕ್ಸ್ ಬಳಕೆ ಕ್ರಮೇಣ ನಿಂತುಹೋಗುವ ಸಾಧ್ಯತೆಯೂ ಇರುವುದರಿಂದ, ಮುಖ್ಯ ಬಳಕೆ ಯಾವುದೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಉತ್ತಮ.

ಬೇಡವೆನಿಸಿದಾಗ ಲಿನಕ್ಸ್ ಅನ್ನು ತೆಗೆಯುವುದಕ್ಕೂ ಕ್ರಮವಿದೆ. ಮೊದಲು ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೇಲಕ್ಕೆ ತಂದು, ವಿಂಡೋಸ್ ನೇರವಾಗಿ ತೆರೆಯುವುದನ್ನು ಖಚಿತಪಡಿಸಿಕೊಂಡು, ಆನಂತರವೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾಲನ್ನು ಅಳಿಸಬೇಕು. ಲೆಗಸಿ ವಿಧಾನದ ಹಳೆಯ ಯಂತ್ರಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಲಿನಕ್ಸ್ ಪಾಲು ಅಳಿಸಿದರೆ ಮುಂಬಾಗಿಲೇ ಕಳಚಿಬಿದ್ದು ವಿಂಡೋಸ್ ಕೂಡ ತೆರೆಯುವುದಿಲ್ಲ. ವಿಂಡೋಸ್‌ನ ದುರಸ್ತಿ ಪೆನ್‌ಡ್ರೈವ್ ಮೊದಲೇ ಸಿದ್ಧವಿರಬೇಕು.

ಸ್ವತಃ ಮಾಡಲು ಧೈರ್ಯ ಸಾಲದ ಸದಸ್ಯರು ತಂತ್ರಜ್ಞರಿಗೆ ಒಪ್ಪಿಸಬಹುದು. ಒಪ್ಪಿಸುವ ಮುನ್ನ ಬ್ಯಾಕಪ್ ಅನ್ನು ತಾವೇ ತೆಗೆದುಕೊಂಡು, ಜನರ ಆಧಾರ್ ಮುಂತಾದ ಪ್ರತಿಗಳನ್ನು ಯಂತ್ರದಿಂದ ಅಳಿಸಿ, ವಿಂಡೋಸ್ ಉಳಿಯಬೇಕೆಂಬುದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಫಾರ್ಮ್ಯಾಟ್ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುವುದು ಅನೇಕ ಅಂಗಡಿಗಳ ರೂಢಿ. ಯಂತ್ರವನ್ನು ಮರಳಿ ಪಡೆಯುವಾಗ ಅಲ್ಲಿಯೇ ಎರಡೂ ವ್ಯವಸ್ಥೆಗಳನ್ನು ಒಂದೊಂದು ಬಾರಿ ಚಾಲೂ ಮಾಡಿಸಿ, ಡಿ ಡ್ರೈವ್, ವೈಫೈ ಹಾಗೂ ಕನ್ನಡ ಕೀಲಿಮಣೆಯನ್ನು ನೋಡಿಕೊಂಡು ಹಣ ಪಾವತಿಸುವುದು.